ತಟ್ಟೆಯಲ್ಲಿ ಸತ್ತ ಹುಳ

“ಗಾಜಿನ ತಟ್ಟೆಯಲ್ಲಿ ಸತ್ತ ಕ್ಯಾನ್ಸರ್ ಕೋಶ ಮನುಷ್ಯರ ಮೈಯಲ್ಲಿ ಯಾಕೆ ಸಾಯಬಾರದು, ಗುರುಗಳೇ?”

ಕೇಳಿದವನು ಚಿದಂಬರ. ಗಿಡಮೂಲಿಕೆಗಳ ಸಾರ ತೆಗೆದು ಪ್ರಯೋಗಾಲಯದಲ್ಲಿ ಪರೀಕ್ಷಿಸುವುದು ಅವನ ಕೆಲಸ. ಒಂದು ಕಾಡುಬಳ್ಳಿಯ ಬೇರಿನ ಸಾರಕ್ಕೆ ತಟ್ಟೆಯ ಕೋಶಗಳೆಲ್ಲ ಸತ್ತಿದ್ದವು. ಊರಿನಲ್ಲಿ ಅವನ ಅಕ್ಕ ಹೊಟ್ಟೆಯ ಕ್ಯಾನ್ಸರ್ ಗಡ್ಡೆಯಿಂದ ಹಾಸಿಗೆ ಹಿಡಿದಿದ್ದಳು. ತಾಯಿಯಿಲ್ಲದ ಅವನನ್ನು ಸಾಕಿದವಳು ಅವಳೇ. ಅವಳಿಗೆ ಕುಡಿಸಲೆಂದು ಸಾರದ ಸೀಸೆ ಚೀಲದಲ್ಲಿತ್ತು, ಬಸ್ಸಿಗೆ ಹೊತ್ತಾಗಿತ್ತು. ಗಡ್ಡೆಯನ್ನು ಅದರ ಸುತ್ತಲಿನ ಮೈಯ ಕೋಶಗಳ ಸಮೇತ ಪ್ರಯೋಗಾಲಯದಲ್ಲಿ ಬೆಳೆಸಿದ ಮಾದರಿಯ ಮೇಲೆ ಸಾರವನ್ನು ಮೊದಲು ಪರೀಕ್ಷಿಸಿ ನೋಡು ಎಂದು ಗುರುಗಳು ಹೇಳಿದ್ದರು. ಆ ಮಾತಿಗೆ ಅವನ ಮೈಯೆಲ್ಲ ಉರಿದಿತ್ತು.

ಗುರುಗಳು ಬಾಗಿಲಿಗೆ ಅಡ್ಡ ನಿಲ್ಲಲಿಲ್ಲ. ಕೂತಲ್ಲಿಂದಲೇ ಒಂದು ಕತೆ ಹೇಳಿದರು.

ಒಬ್ಬ ರೈತ. ಅವನ ಅವ್ವ ನೆಟ್ಟ ಮಾವಿನ ಮರಕ್ಕೆ ಕಾಂಡ ಕೊರೆಯುವ ಹುಳ ಬಿತ್ತು. ಎಲೆ ಹಳದಿಯಾಯಿತು, ಟೊಂಗೆ ಒಣಗತೊಡಗಿತು. ರೈತನಿಗೆ ಅನ್ನ ಸೇರದು, ನಿದ್ದೆ ಹತ್ತದು. ಕೊನೆಗೆ ತೂತಿಗೆ ತಂತಿ ಹಾಕಿ ಒಂದು ಹುಳವನ್ನು ಎಳೆದು ತೆಗೆದ. ಉಣ್ಣುವ ತಟ್ಟೆಯಲ್ಲಿಟ್ಟು, ಕಹಿಬೇರು ಕುದಿಸಿದ ಕಷಾಯ ಹನಿಸಿದ. ಹುಳ ಹೊರಳಾಡಿ ಸತ್ತಿತು. ಅಂದು ರೈತ ಹೊಟ್ಟೆ ತುಂಬ ಉಂಡ.

ಹೆಂಡತಿಗೆ ಸಮಾಧಾನವಾಗಲಿಲ್ಲ. “ಹುಳ ಇರೋ ಟೊಂಗೆ ಒಂದನ್ನ ಕಡಿದು, ಅದರ ಮೇಲೆ ಹೊಯ್ದು ನೋಡಿ. ಆಮೇಲೆ ಸೀಳಿದ್ರೆ ಗೊತ್ತಾಗುತ್ತೆ. ತಟ್ಟೆ ಮೇಲಿನ ಹುಳಕ್ಕೆ ಮನೆ ಎಲ್ಲಿತ್ತು?” ಎಂದಳು.

“ಮರ ಸಾಯ್ತಾ ಇದೆ, ನೀನು ಟೊಂಗೆ ಸೀಳೋ ಮಾತಾಡ್ತೀಯಲ್ಲೇ. ಕಣ್ಣಾರೆ ನೋಡಿದೀನಿ, ಸಾಕು,” ಎಂದು ರೈತ ರೇಗಿದ.

ಕಾಂಡದ ಮೇಲೆ ಕೊಡಗಟ್ಟಲೆ ಕಷಾಯ ಹೊಯ್ದ. ಹುಳಕ್ಕೇನು, ತಾನು ಕೊರೆದ ಹೊಟ್ಟಿನಿಂದಲೇ ತೂತಿನ ಬಾಯಿ ಮುಚ್ಚಿಕೊಂಡಿತ್ತು. ಗಾಯ ಮಾಯಲೆಂದು ಮರ ಸುರಿಸಿದ ಅಂಟು ಅದರ ಮೇಲೆ ಗಟ್ಟಿಯಾಗಿತ್ತು. ತನ್ನನ್ನು ತಿನ್ನುವವನಿಗೆ ಮರವೇ ಕದ ಹಾಕಿಕೊಟ್ಟಿತ್ತು. ಕಷಾಯ ಒಳಗೆ ಹೋಗದೆ ಬುಡಕ್ಕೆ ಇಳಿಯಿತು. ಎಲೆ ಉದುರಿದಷ್ಟೂ ಅವನು ಇನ್ನಷ್ಟು ಹೊಯ್ದ. ಬೇರು ಸುಟ್ಟು ಮರ ಸತ್ತಿತು. ಕಡಿದು ಕಾಂಡ ಸೀಳಿದರೆ, ಒಳಗೆ ಹುಳಗಳು ಕೊಬ್ಬಿ ಹರಿದಾಡುತ್ತಿದ್ದವು. ರೈತ ಅಲ್ಲೇ ಕುಕ್ಕರಿಸಿ ಅತ್ತುಬಿಟ್ಟ.

ಕತೆ ಅಲ್ಲಿಗೆ ನಿಂತಿತು. ಬೀದಿಯಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಚಿದಂಬರ ಚೀಲ ಹೆಗಲಿಗೇರಿಸಿ ಎದ್ದ. ಅವನಿಗೆ ಅಳುವೂ ಬಂದಿತ್ತು, ಸಿಟ್ಟೂ ಬಂದಿತ್ತು.

“ಆ ರೈತನಿಗೆ ಮರದ ಮೇಲೆ ಪ್ರೀತಿ ಇರಲಿಲ್ಲ, ಗುರುಗಳೇ. ನನಗೆ ಅಕ್ಕನ ಮೇಲೆ ಇದೆ.”

“ಇತ್ತಪ್ಪ,” ಎಂದರು ಗುರುಗಳು, “ಪ್ರೀತಿ ಇದ್ದದ್ದಕ್ಕೇ ಅವನು ತಟ್ಟೆಯನ್ನು ನಂಬಿದ.”