ಬಟ್ಟೆ ಕೊಡವುವ ಹಕ್ಕು

"ಗುರುಗಳೇ, ಹತ್ತು ಮುಖಗಳಿರುವ ವ್ಯವಹಾರದಲ್ಲಿ ಸರಿಯಾದ ತೀರ್ಮಾನ ಮಾಡುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಶಿಷ್ಯ ಕಡಲತೀರದ ಊರಿನ ವರ್ತಕ. ಅವನ ಎರಡು ಹಾಯಿದೋಣಿಗಳು ಹಂಚು ಹೇರಿಕೊಂಡು ಅಳಿವೆಯಲ್ಲಿ ನಿಂತಿದ್ದವು. ಮಳೆಗಾಲ ಇನ್ನೂ ಮುಗಿದಿರಲಿಲ್ಲ. ನೂಲಹುಣ್ಣಿಮೆಯ ದಿನ ಕಡಲಿಗೆ ತೆಂಗಿನಕಾಯಿ ಬಿಟ್ಟ ಮೇಲೆಯೇ ದೋಣಿ ಇಳಿಸುವುದು ಆ ಕಡೆಯ ರೂಢಿ. ಹುಣ್ಣಿಮೆಗೆ ಹದಿನೈದು ದಿನ ಮೊದಲೇ ಹೊರಟರೆ ಆಚೆ ರೇವಿನ ವ್ಯಾಪಾರವೆಲ್ಲ ಅವನದೇ. ಹೊರಡಬೇಕೇ, ಕಾಯಬೇಕೇ ಎಂದು ಅವನು ಒಂದು ವಾರ ಅಳೆದು ಸುರಿದು ನೋಡಿದ್ದ. ನೋಡಿದ್ದನ್ನೆಲ್ಲ ಒಂದು ಕಾಗದದಲ್ಲಿ ಬರೆದು ತಂದಿದ್ದ.

"ಒಂದೊಂದು ಕಾರಣಕ್ಕೂ ಒಂದೊಂದು ತೂಕ ಕೊಟ್ಟಿದ್ದೇನೆ. ಕೂಡಿದರೆ ಹೊರಡುವುದೇ ಸರಿ ಎಂದು ಬರುತ್ತದೆ. ಈ ವಿಧಾನದಲ್ಲಿ ತಪ್ಪೇನಾದರೂ ಇದೆಯೇ ನೋಡಿ."

ಗುರುಗಳು ಕಾಗದವನ್ನು ತೆಗೆದುಕೊಳ್ಳಲಿಲ್ಲ. ಬಾಗಿಲಿನಾಚೆ ಒಮ್ಮೆ ನೋಡಿದರು. ಶಿಷ್ಯನ ದೋಣಿಗಳನ್ನು ನಡೆಸುವ ತಾಂಡೇಲ ಅವನ ಜೊತೆಯಲ್ಲೇ ಬಂದು ಹೊರಗೆ ಜಗಲಿಯ ಮೇಲೆ ಮೊಣಕಾಲು ತಬ್ಬಿ ಕುಳಿತಿದ್ದ. ಗುರುಗಳು ಕತೆ ಹೇಳತೊಡಗಿದರು.

ಒಬ್ಬ ಉಪ್ಪಿನ ವ್ಯಾಪಾರಿಯಿದ್ದ. ಘಟ್ಟದ ಕೆಳಗಿನಿಂದ ಎತ್ತುಗಳ ಬೆನ್ನ ಮೇಲೆ ಉಪ್ಪು ತರಿಸುತ್ತಿದ್ದ. ಅವನ ಬಳಿ ತಂದೆಯ ಕಾಲದ ಒಂದು ಬಟ್ಟೆಯಿತ್ತು. ಚೌಕಾಬಾರದ ಹಾಸಿನಂತೆ ಅದರ ಮೇಲೆ ಗೆರೆ ಎಳೆದು ಚೌಕಗಳನ್ನು ಮಾಡಿದ್ದರು. ಕಷ್ಟದ ತೀರ್ಮಾನ ಎದುರಾದಾಗ ಆ ಬಟ್ಟೆ ಹಾಸುವುದು. ಎಡಕ್ಕೆ ಒಂದು ದಾರಿ, ಬಲಕ್ಕೆ ಇನ್ನೊಂದು. ಒಂದೊಂದು ಕಾರಣಕ್ಕೆ ಒಂದೊಂದು ಚೌಕ. ಕಾರಣ ಎಷ್ಟು ದೊಡ್ಡದೋ ಅದಕ್ಕೆ ತಕ್ಕಂತೆ ಒಂದರಿಂದ ಹತ್ತರವರೆಗೆ ಹುಣಸೆಬೀಜ. ಕೊನೆಗೆ ಎಣಿಸುವುದು. ಯಾವ ಕಡೆ ಬೀಜ ಹೆಚ್ಚೋ ಆ ಕಡೆ ಹೋಗುವುದು.

ನಗಬೇಡ, ಒಳ್ಳೆಯ ವಿಧಾನ ಅದು. ಬಾಯಿ ಜೋರಿದ್ದವನ ಆಟ ಅಲ್ಲಿ ನಡೆಯುವುದಿಲ್ಲ. ಮನೆಯಲ್ಲಿ ಜಗಳವಾಡಿ ಬಂದವನ ಸಿಟ್ಟೂ ನಡೆಯುವುದಿಲ್ಲ. ದುಡುಕಿದವನಿಗೆ ಸುಖವಿಲ್ಲ ಎನ್ನುತ್ತಾರಲ್ಲ, ಆ ಬಟ್ಟೆ ಎಷ್ಟೋ ಸಲ ದುಡುಕನ್ನು ತಡೆದಿತ್ತು.

ತಂದೆಯ ಕಾಲದಲ್ಲಿ ಇನ್ನೂ ಒಂದು ಕ್ರಮವಿತ್ತು. ಎಣಿಕೆ ಮುಗಿದ ಮೇಲೆ, ಆ ದಾರಿಯಲ್ಲಿ ನಡೆಯಬೇಕಾದವನನ್ನು ಕರೆಯುತ್ತಿದ್ದರು. ಅವನು ಬಟ್ಟೆಯ ಮುಂದೆ ಸ್ವಲ್ಪ ಹೊತ್ತು ಕೂರಬೇಕು. ಮನಸ್ಸು ಒಪ್ಪಿದರೆ ಎದ್ದು ಹೋಗಿ ಎತ್ತು ಕಟ್ಟಬೇಕು. ಒಪ್ಪದಿದ್ದರೆ ಬಟ್ಟೆಯ ತುದಿ ಹಿಡಿದು ಕೊಡವಿಬಿಡಬಹುದು. ಬೀಜ ಚೆಲ್ಲಿದರೆ ಎಣಿಕೆ ರದ್ದು. ಏಕೆ ಎಂದು ಯಾರೂ ಕೇಳುವಂತಿರಲಿಲ್ಲ. ತಂದೆಯ ಇಡೀ ಆಯಸ್ಸಿನಲ್ಲಿ ಬಟ್ಟೆ ಕೊಡವಿದ್ದು ಎರಡೇ ಸಲ.

ಮಗನಿಗೆ ಈ ಕ್ರಮ ಹಿಡಿಸಲಿಲ್ಲ. ಮೂರು ದಿನ ಯೋಚಿಸಿ ಇಟ್ಟ ಬೀಜವನ್ನು, ಕಾರಣ ಹೇಳಲು ಬಾರದವನು ಒಂದು ಗಳಿಗೆಯಲ್ಲಿ ಚೆಲ್ಲುವುದೇ? ಅವನು ಕ್ರಮವನ್ನು ಸುಧಾರಿಸಿದ. ಇನ್ನು ಮೇಲೆ ಯಾರೂ ಕೊಡವಬೇಕಾಗಿಲ್ಲ, ಬಂದು ಕಾರಣ ಹೇಳಲಿ, ಅದಕ್ಕೂ ಒಂದು ಚೌಕ ಕೊಡುತ್ತೇನೆ ಎಂದ. ಕೇಳಿದವರೆಲ್ಲ ನ್ಯಾಯವಾಗಿದೆ ಎಂದರು. ನಾನು ಅಲ್ಲಿದ್ದರೆ ನಾನೂ ಹಾಗೆಯೇ ಅನ್ನುತ್ತಿದ್ದೆನೇನೋ.

ಒಂದು ವರ್ಷ ಮಳೆ ಹಿಡಿದದ್ದು ಬಿಡಲಿಲ್ಲ. ಘಟ್ಟದ ಮೇಲಿನ ಊರುಗಳಲ್ಲಿ ಉಪ್ಪು ಮುಗಿಯಿತು. ಉಪ್ಪು ತರಲು ಎರಡು ದಾರಿ. ಕಣಿವೆಯ ದಾರಿಗೆ ಆರು ದಿನ, ಸುತ್ತಿನ ದಾರಿಗೆ ಹದಿನೈದು. ವ್ಯಾಪಾರಿ ಬಟ್ಟೆ ಹಾಸಿದ. ದಿನ ಉಳಿಯುತ್ತದೆ, ಮೇವು ಉಳಿಯುತ್ತದೆ, ಉಪ್ಪು ನೆನೆಯುವುದು ಕಡಿಮೆ, ಬೇರೆ ವ್ಯಾಪಾರಿಗಳಿಗಿಂತ ಮೊದಲು ತಲುಪಬಹುದು. ಕಣಿವೆಯ ಕಡೆ ಮೂವತ್ತೊಂದು ಬೀಜ ಬಿದ್ದವು. ಸುತ್ತಿನ ಕಡೆ ಇಪ್ಪತ್ತನಾಲ್ಕು. ಎತ್ತುಗಳ ಮುಂದಾಳನ್ನು ಕರೆಸಿದ.

"ಆ ದಾರಿ ಬೇಡ ಧಣಿ," ಎಂದ ಮುಂದಾಳು. "ಹೋದ ಸಲ ಮೂರನೇ ತಿರುವಿನಲ್ಲಿ ಮುಂದಿನ ಎತ್ತು ನಿಂತುಬಿಡ್ತು. ಹೊಡೆದರೂ ಹೆಜ್ಜೆ ಎತ್ತಲಿಲ್ಲ."

"ಯಾಕೆ ನಿಂತಿತು?"

"ನನಗೆ ಗೊತ್ತಿಲ್ಲ ಧಣಿ. ಅದಕ್ಕೆ ಗೊತ್ತಿರಬೇಕು."

ವ್ಯಾಪಾರಿ ನಕ್ಕ. "ಎತ್ತು ಈಯ್ತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನೋನಲ್ಲ ನಾನು. ಆದರೂ ನಿನ್ನ ಮಾತು ತಳ್ಳಿಹಾಕೋದಿಲ್ಲ."

ಸುತ್ತಿನ ಕಡೆ ಒಂದು ಹೊಸ ಚೌಕ ಕೊಟ್ಟು, ಅದರಲ್ಲಿ ನಾಲ್ಕು ಬೀಜ ಇಟ್ಟ. ಇಪ್ಪತ್ತೆಂಟಾಯಿತು. ಕಣಿವೆಯೇ ಗೆದ್ದಿತು.

ಮುಂದಾಳು ಬಟ್ಟೆಯ ತುದಿಯನ್ನೇ ನೋಡುತ್ತಿದ್ದ. ಹಿಂದೆ ಒಂದು ಸಲ ಅದನ್ನು ಕೊಡವಿದವನು ಅವನ ಅಪ್ಪ. ಇವನ ಕೈಯೂ ಮುಂದೆ ಬಂತು. ಆದರೆ ಈಗ ಅವನ ಮಾತಿಗೂ ಜಾಗ ಸಿಕ್ಕಿತ್ತು. ಮಾತು ಕೇಳಿಸಿಕೊಂಡ ಧಣಿಯ ಎದುರು ಹೇಗೆ ಹಟ ಹಿಡಿಯುವುದು? ಕೈ ಹಿಂದಕ್ಕೆ ತೆಗೆದುಕೊಂಡ.

ಹನ್ನೊಂದು ಜನ ನಲವತ್ತು ಎತ್ತುಗಳನ್ನು ಹೊಡೆದುಕೊಂಡು ಹೋದರು. ಉಪ್ಪು ಹೇರಿಕೊಂಡು ಹಿಂದಿರುಗುವಾಗ ಮೂರನೆಯ ತಿರುವಿನಲ್ಲಿ ಮುಂದಿನ ಎತ್ತು ನಿಂತಿತು. ಹೊಡೆದರು. ಹಿಂದಿನಿಂದ ತಳ್ಳಿದರು. ಕೊನೆಗೆ ಅದು ಹೆಜ್ಜೆ ಎತ್ತಿತು. ಇಬ್ಬರನ್ನು ಬಿಟ್ಟು ಉಳಿದವರೆಲ್ಲ ತಿರುವಿನೊಳಗೆ ಬಂದ ಹೊತ್ತಿಗೆ ಗುಡ್ಡ ಜರಿಯಿತು. ಹಿಂದೆ ಉಳಿದಿದ್ದ ಆ ಇಬ್ಬರು ಊರಿಗೆ ಬಂದು ಸುದ್ದಿ ಹೇಳಿದರು. ಎಂಟು ದಿನ ಮಣ್ಣು ಅಗೆದರೂ ಹೆಣಗಳು ಸಿಗಲಿಲ್ಲ.

ವ್ಯಾಪಾರಿ ಕೆಟ್ಟವನಲ್ಲ. ಮೂರು ದಿನ ಅನ್ನ ಮುಟ್ಟಲಿಲ್ಲ. ನಾಲ್ಕನೆಯ ದಿನ ಬಟ್ಟೆ ಹಾಸಿ ಅದೇ ಬೀಜಗಳನ್ನು ಅದೇ ಚೌಕಗಳಲ್ಲಿ ಇಟ್ಟು ಮತ್ತೆ ಎಣಿಸಿದ. ಮೂವತ್ತೊಂದು, ಇಪ್ಪತ್ತೆಂಟು. ಎಣಿಕೆಯಲ್ಲಿ ತಪ್ಪಿರಲಿಲ್ಲ. ಅವನ ಸಂಕಟವೂ ಅದೇ ಆಗಿತ್ತು. ಬಹಳ ಹೊತ್ತು ಕುಳಿತು, ಆಮೇಲೆ ಮುಂದಾಳಿನ ಚೌಕಕ್ಕೆ ಇನ್ನೂ ಆರು ಬೀಜ ಹಾಕಿದ. ಹತ್ತಾಯಿತು. ಕೂಡಿದರೆ ಸುತ್ತಿನ ಕಡೆ ಮೂವತ್ತನಾಲ್ಕು. ಅವನಿಗೆ ಒಂದಿಷ್ಟು ಸಮಾಧಾನವಾಯಿತು. ವಿಧಾನ ಸರಿಯಾಗಿಯೇ ಇತ್ತು, ಆರು ಬೀಜ ಕಡಿಮೆ ಬಿದ್ದಿತ್ತು, ಅಷ್ಟೇ ಎಂದುಕೊಂಡ.

ಮನುಷ್ಯ ಎಂಥೆಂಥ ಕಡೆ ಸಮಾಧಾನ ಹುಡುಕುತ್ತಾನೆ ನೋಡು. ನನಗೆ ಈ ಕತೆಯಲ್ಲಿ ಗುಡ್ಡಕ್ಕಿಂತ ಹೆಚ್ಚು ಹೆದರಿಕೆಯಾಗುವುದು ಆ ಆರು ಬೀಜದ ಬಗ್ಗೆ.

ಅದೇ ಹೊತ್ತಿಗೆ ಮುಂದಾಳಿನ ಹೆಂಡತಿ ಬಾಗಿಲಿಗೆ ಬಂದಳು. ಬಟ್ಟೆಯ ಮುಂದೆ ಕುಳಿತಳು.

"ನಮ್ಮವರ ಮಾತು ಎಲ್ಲಿದೆ ಧಣಿ?" ಎಂದು ಕೇಳಿದಳು.

ವ್ಯಾಪಾರಿ ಚೌಕವನ್ನು ತೋರಿಸಿದ. ಅವಳು ಬೀಜಗಳನ್ನು ಎಣಿಸಿದಳು.

"ಅವರು ಹೊರಟ ದಿನ ಎಷ್ಟಿತ್ತು?"

"ನಾಲ್ಕು."

ಅವಳು ಬಟ್ಟೆಯ ತುದಿಯನ್ನು ಎರಡು ಕೈಯಲ್ಲೂ ಹಿಡಿದು ಕೊಡವಿದಳು. ಬೀಜ ಮನೆಯ ತುಂಬ ಚೆಲ್ಲಿತು. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಅವನ ಮುಂದಿಟ್ಟು ಎದ್ದು ಹೋದಳು. ಏಕೆ ಎಂದು ವ್ಯಾಪಾರಿ ಕೇಳಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ತನ್ನ ಕಾಗದವನ್ನು ಬಿಚ್ಚಿ ಇನ್ನೊಮ್ಮೆ ಓದಿದ.

"ನಾನು ಅಪಾಯವನ್ನು ಬಿಟ್ಟಿಲ್ಲ ಗುರುಗಳೇ. ತಾಂಡೇಲನಿಗೆ ಮನಸ್ಸಿಲ್ಲ ಎಂಬುದನ್ನೂ ಬರೆದಿದ್ದೇನೆ. ಅದಕ್ಕೆ ಐದು ಕೊಟ್ಟಿದ್ದೇನೆ. ಇನ್ನೂ ಹೆಚ್ಚು ಕೊಡಬೇಕಿತ್ತೇ?"

"ಕೊಡವಬೇಕಾದವನನ್ನು ಜಗಲಿಯಲ್ಲಿ ಕೂರಿಸಿ, ಒಳಗೆ ಬಂದು ನನ್ನನ್ನೇಕೆ ಕೇಳುತ್ತೀ?" ಎಂದರು ಗುರುಗಳು.

ಶಿಷ್ಯ ಎದ್ದು ಜಗಲಿಗೆ ಹೋಗಿ ಕಾಗದವನ್ನು ತಾಂಡೇಲನ ಕೈಗೆ ಕೊಟ್ಟ.