ಪಾವು ಅಳೆದ ಅಕ್ಕಿ

ಗೀಟು ಬರೆದ ಲೀಟರ್ ಜಗ್ಗು ಅಡುಗೆಮನೆಗೆ ಬಂದಾಗಿನಿಂದ ಹಿತ್ತಾಳೆ ಪಾವಿಗೆ ಅಟ್ಟ ಸೇರುವ ಭಯ ಹಿಡಿದಿತ್ತು.

"ನಿಮ್ಮಲ್ಲಿ ಎಷ್ಟು ಹಿಡಿಯುತ್ತದೆಂದು ತೋರಿಸಿ ಅಜ್ಜಿ, ಮುಂದಿನದು ನನಗೆ ಬಿಡಿ," ಎಂದಿತು ಜಗ್ಗು.

ಪಾವು ಅಂಚಿನವರೆಗೆ ನೀರು ತುಂಬಿಕೊಂಡು ಜಗ್ಗಿಗೆ ಸುರಿಯಿತು. ನೀರು ಕಾಲು ಲೀಟರಿನ ಗೀಟು ಮುಟ್ಟಿತು.

"ಹಾಗಾದರೆ ದಿನದ ನಾಲ್ಕು ಪಾವು ಅಕ್ಕಿಗೆ ಒಂದು ಲೀಟರ್," ಎಂದು ಮರುದಿನ ಜಗ್ಗೇ ಅಕ್ಕಿ ಅಳೆಯಿತು. ಊಟದ ಸಾಲಿನ ಕೊನೆಯ ಎರಡು ಎಲೆಗಳಿಗೆ ಅನ್ನ ಸಾಲಲಿಲ್ಲ.

"ಸುಳ್ಳು ಲೆಕ್ಕ ಕೊಟ್ಟಿರಿ," ಎಂದು ಜಗ್ಗು ಗದರಿತು.

"ಇಲ್ಲಪ್ಪ. ಅಕ್ಕಿಯನ್ನು ನಾನು ಅಂಚಿನ ಮೇಲೆ ಗೋಪುರ ನಿಲ್ಲುವಂತೆ ಅಳೆಯುತ್ತೇನೆ. ನೀರು ಗೋಪುರ ಕಟ್ಟೀತೇ? ನೀನು ಎಷ್ಟು ಹಿಡಿಯುತ್ತದೆಂದು ಕೇಳಿದೆ, ಎಷ್ಟು ಕೊಡುತ್ತೇನೆಂದು ಕೇಳಲಿಲ್ಲ."

ಜಗ್ಗು ಸರಿದು ನಿಂತಿತು. ಆ ಎರಡು ಎಲೆಗಳಿಗಾಗಿ ಪಾವು ಅಕ್ಕಿಯ ಡಬ್ಬಿಗೆ ಇಳಿಯಿತು.