ಹೊಗಳಿ ಬರೆದ ಕಾಗದ

"ಗುರುಗಳೇ, ಪದ್ಯದಲ್ಲಿರುವ ಅಲಂಕಾರದ ಹೆಸರು ಗೊತ್ತಿಲ್ಲದಿದ್ದರೆ ಏನು ನಷ್ಟ?" ಎಂದು ವೀರಭದ್ರ ಕೇಳಿದ. ಅವನು ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದ. "ಉಪಮೆ, ರೂಪಕ, ಶ್ಲೇಷೆ ಎಂದು ಮಕ್ಕಳು ಉರು ಹೊಡೆಯುತ್ತಾರೆ. ಪರೀಕ್ಷೆ ಮುಗಿದ ಮರುದಿನ ಮರೆಯುತ್ತಾರೆ. ಕಲಿಸುವ ನನಗೇ ಬೇಸರ ಬಂದಿದೆ."

ಗುರುಗಳು ಈ ಕತೆ ಹೇಳಿದರು.

ಒಬ್ಬ ಬಳೆಗಾರನಿದ್ದ. ಅವನಿಗೆ ಒಬ್ಬಳೇ ತಂಗಿ, ಒಬ್ಬಳೇ ಮಗಳು. ತಂದೆತಾಯಿ ಇಲ್ಲದ ತಂಗಿಯನ್ನು ತಾನೇ ಸಾಕಿ, ಓದಿಸಿ, ದೂರದ ಊರಿನ ಅನುಕೂಲಸ್ಥರ ಮನೆಗೆ ಮದುವೆ ಮಾಡಿ ಕೊಟ್ಟಿದ್ದ. ಅವನ ಕೈಯಲ್ಲಿ ಕಸುಬಿತ್ತೇ ಹೊರತು ಅಕ್ಷರ ಇರಲಿಲ್ಲ. ಮನೆಗೆ ಬಂದ ಕಾಗದವನ್ನು ಮಗಳೇ ಓದಿ ಹೇಳಬೇಕಿತ್ತು.

ಮದುವೆಯಾಗಿ ವರ್ಷ ತುಂಬಿದರೂ ತಂಗಿ ತವರಿಗೆ ಬರಲಿಲ್ಲ. ಆಮೇಲೆ ಅವಳದೊಂದು ಕಾಗದ ಬಂತು. ಮಗಳು ಗಟ್ಟಿಯಾಗಿ ಓದಿದಳು.

"ಅಣ್ಣನಿಗೆ ನಮಸ್ಕಾರ. ನಮ್ಮ ಅತ್ತೆಯವರಂಥವರು ಯಾರಿಗೂ ಸಿಗಲಾರರು. ಈ ಮನೆಗೆ ಬಂದ ಮೇಲೆ ನನಗೆ ಒಂದು ದಿನವೂ ಅಜೀರ್ಣವಾಗಿಲ್ಲ. ನೀನು ಕೊಟ್ಟ ಚಿನ್ನದ ಬಳೆ ಕೈಗೆ ಭಾರವಾದೀತೆಂದು ಅದನ್ನೂ ತಾವೇ ಇರಿಸಿಕೊಂಡಿದ್ದಾರೆ. ಬಿಸಿಲು ತಾಗೀತೆಂದು ಹೊಸ್ತಿಲು ದಾಟಲು ಬಿಡುವುದಿಲ್ಲ. ನಿನ್ನ ಮಗಳಿಗೆ ಈ ವರ್ಷ ಪರೀಕ್ಷೆಯಲ್ಲವೇ? ಮನಸ್ಸಿಟ್ಟು ಓದಲು ಹೇಳು."

ಬಳೆಗಾರ ಕಣ್ಣೊರೆಸಿಕೊಂಡ. ತಂಗಿ ಸುಖವಾಗಿದ್ದಾಳೆಂದು ಬೀದಿಗೆಲ್ಲ ಬೆಲ್ಲ ಹಂಚಿದ.

ಎರಡು ದಿನ ಕಳೆದು ಮಗಳು ಪರೀಕ್ಷೆಗೆ ಓದಲು ಕುಳಿತಳು. ಹೊಗಳುವ ಮಾತಿನಲ್ಲಿ ತೆಗಳಿಕೆ ಅಡಗಿದ್ದರೆ ಅದು ವ್ಯಾಜಸ್ತುತಿ ಎಂದು ಪುಸ್ತಕದಲ್ಲಿತ್ತು. ಅದನ್ನು ಹತ್ತು ಸಲ ಬಾಯಲ್ಲಿ ಹೇಳಿಕೊಂಡಳು. ಆದರೆ ಪುಸ್ತಕದಲ್ಲಿಲ್ಲದ ಉದಾಹರಣೆಯನ್ನೇ ಬರೆಯಬೇಕೆಂದು ಮೇಷ್ಟರು ಹೇಳಿದ್ದರು. ಅವಳಿಗೆ ಒಂದೂ ಹೊಳೆಯಲಿಲ್ಲ. ಈಚೆಗೆ ಯಾರು ಯಾರನ್ನು ಹೊಗಳಿದ್ದನ್ನು ಕೇಳಿದ್ದೇನೆ ಎಂದು ನೆನೆಯುತ್ತ ಹೋದಾಗ ಆ ಕಾಗದ ನೆನಪಾಯಿತು. ತೆಗೆದು ಮತ್ತೆ ಓದಿದಳು.

ಕಾಗದ ಹಿಡಿದುಕೊಂಡು ತಂದೆಯ ಬಳಿಗೆ ಓಡಿದಳು. "ಅಪ್ಪ, ಇದು ಹೊಗಳಿಕೆಯಲ್ಲ. ನಿನ್ನ ತಂಗಿ ಅಲ್ಲಿ ಹಸಿದುಕೊಂಡಿದ್ದಾಳೆ."

"ಏನಂತ ಮಾತಾಡ್ತೀಯ? ಅಷ್ಟು ಚೆನ್ನಾಗಿ ಬರೆದಿದ್ದಾಳಲ್ಲ."

"ಆ ಮನೆಯವರು ಓದಿ ನೋಡಿಯೇ ಕಳಿಸಿರ್ತಾರೆ. ಬೇರೆ ಹೇಗೆ ಬರೆದಾಳು? ಒಂದು ದಿನವೂ ಅಜೀರ್ಣವಾಗದವಳು ಎಷ್ಟು ಉಣ್ತಾಳೆ, ನೀನೇ ಹೇಳಪ್ಪ."

ಬಳೆಗಾರ ಆಗಲೇ ಎದ್ದ. ಬಳೆಗಳ ಮಲಾರವನ್ನು ಹೆಗಲಿಗೇರಿಸಿಕೊಂಡು ಹೊರಟ.

ಬಳೆಗಾರನನ್ನು ಯಾರೂ ಬಾಗಿಲಲ್ಲಿ ತಡೆಯುವುದಿಲ್ಲ. ಅವನು ತಂಗಿಯ ಮನೆಯ ಜಗಲಿಯ ಮೇಲೆ ಕುಳಿತ. ಬೀದಿಯ ಹೆಂಗಸರು ಬಂದು ನೆರೆದರು. ಮೊದಲು ಮನೆಯ ಸೊಸೆಗೆ ತೊಡಿಸಬೇಕೆಂದು ತಂಗಿಯನ್ನು ಹೊರಗೆ ಕರೆಸಿದ. ಮದುವೆಯ ದಿನ ಬಿಗಿಯಾಗಿ ಕುಳಿತಿದ್ದ ಅಳತೆಯ ಬಳೆಯನ್ನೇ ತೊಡಿಸಿದ. ಅದು ಮೊಣಕೈವರೆಗೆ ಜಾರಿತು. ಅವನು ಯಾರೊಡನೆಯೂ ಜಗಳವಾಡಲಿಲ್ಲ. ತಂಗಿಯನ್ನು ಹಬ್ಬಕ್ಕೆ ಕರೆದೊಯ್ಯುತ್ತೇನೆ ಎಂದಷ್ಟೇ ಹೇಳಿದ. ಅಷ್ಟು ಹೆಂಗಸರ ಎದುರಿಗೆ ಇಲ್ಲವೆನ್ನಲು ಅವಳ ಗಂಡನ ತಾಯಿಗೆ ಬಾಯಿ ಬರಲಿಲ್ಲ. ಹೀಗೆ ಕರೆತಂದವನು ಅವಳನ್ನು ಮತ್ತೆ ಕಳಿಸಲಿಲ್ಲ.

ತವರಿನ ಅನ್ನ ಉಂಡು ತಂಗಿಗೆ ಮೆಲ್ಲಗೆ ತ್ರಾಣ ಬಂತು. ಒಂದು ಬೆಳಿಗ್ಗೆ ಅವಳು ಅಣ್ಣನ ಮಗಳ ಕನ್ನಡ ಪುಸ್ತಕವನ್ನು ಕೈಗೆತ್ತಿಕೊಂಡು ಕಣ್ಣಿಗೆ ಒತ್ತಿಕೊಂಡಳು.

"ನನಗೆ ತಿಳಿಯುತ್ತದೆ ಅಂತ ನಿನಗೆ ಹೇಗೆ ಗೊತ್ತಾಯಿತು, ಅತ್ತೆ?" ಎಂದು ಹುಡುಗಿ ಕೇಳಿದಳು.

"ನಾನೂ ಅದೇ ಪಾಠ ಓದಿದವಳು. ಪರೀಕ್ಷೆಯಲ್ಲಿ ತಪ್ಪು ಬರೆದಿದ್ದೆ. ಈ ವರ್ಷ ನಿನಗೆ ಆ ಪಾಠ ಬರುತ್ತದೆ ಅನ್ನುವುದೊಂದೇ ನನಗಿದ್ದ ಧೈರ್ಯ, ಮಗಳೇ."

ಮರುದಿನ ಬಳೆಗಾರ ಶಾಲೆಗೆ ಹೋಗಿ ಮೇಷ್ಟರಿಗೆ ಕೈಮುಗಿದು ನಿಂತ. ಏನು ಹೇಳಬೇಕೋ ಅವನಿಗೆ ತಿಳಿಯಲಿಲ್ಲ. ಏಕೆ ಕೈಮುಗಿದನೋ ಮೇಷ್ಟರಿಗೆ ತಿಳಿಯಲಿಲ್ಲ.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು.

"ನಿಜ, ಗುರುಗಳೇ. ಆದರೆ ಅಂಥ ಕಾಗದ ಎಷ್ಟು ಮನೆಗೆ ಬರುತ್ತದೆ?" ಎಂದ ವೀರಭದ್ರ.

"ಓದಿ ತಿಳಿಯುವವರು ಇದ್ದಾರೆಂಬ ನಂಬಿಕೆ ಇಲ್ಲದಿದ್ದರೆ, ಅಂಥ ಕಾಗದವನ್ನು ಯಾರು ತಾನೆ ಬರೆದಾರು?" ಎಂದರು ಗುರುಗಳು.